ಪಟ್ಟಿಯಿಂದ ಹೊಡೆದುಹಾಕಿದ ಆ ಎರಡು ದಿನ: ನೀರಡಿಯ ವಾಹನಗಳಿಗೆ ಒಪ್ಪಿಗೆ ಕೊಡುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನವರಹಿತ ನೀರಡಿಯ ವಾಹನಗಳ ಯೋಜನೆಗಳಿಗೆ ಹಣ ಮಂಜೂರು ಮಾಡುವ, ಗಡುವು ಹಾಕುವ, ಪರೀಕ್ಷೆ ನೋಡಿ ಒಪ್ಪಿಗೆ ಕೊಡುವ ಎಲ್ಲ ಸಮಿತಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ

ವಿಷಯ: ಸಮುದ್ರ ಪರೀಕ್ಷೆಯ ದಿನಗಳನ್ನು ಕಡಿತ ಮಾಡದಿರುವ ಬಗ್ಗೆ ಮತ್ತು ವೈಫಲ್ಯದ ದಾಖಲೆಗಳನ್ನು ಎಲ್ಲರಿಗೂ ಸಿಗುವಂತೆ ಮಾಡುವ ಬಗ್ಗೆ

ಮಾನ್ಯರೇ,

ನಾನು ನೀರೊಳಗೆ ತಾನಾಗಿಯೇ ಓಡಾಡುವ ವಾಹನಗಳಿಗೆ ಕಂಟ್ರೋಲ್ ಸಾಫ್ಟ್‌ವೇರ್ ಬರೆಯುವವನು. ನಾವು ಈ ವಾಹನಗಳನ್ನು ಎಯುವಿ ಅಂತ ಕರೆಯುತ್ತೇವೆ, ಪತ್ರದಲ್ಲೂ ಹಾಗೇ ಕರೆಯುತ್ತೇನೆ. ಇದಕ್ಕೆ ಹಗ್ಗ ಇಲ್ಲ, ಕೇಬಲ್ ಇಲ್ಲ, ಒಳಗೆ ಮನುಷ್ಯರೂ ಇಲ್ಲ. ಹಡಗಿನಿಂದ ನೀರಿಗೆ ಬಿಟ್ಟ ಮೇಲೆ ಎಲ್ಲಿಗೆ ಹೋಗಬೇಕು, ಎಷ್ಟು ಆಳಕ್ಕೆ ಇಳಿಯಬೇಕು, ಏನಾದರೂ ಕೆಟ್ಟರೆ ಏನು ಮಾಡಬೇಕು ಅನ್ನುವುದನ್ನೆಲ್ಲ ಅದರೊಳಗಿನ ಪ್ರೋಗ್ರಾಂ ಒಂದೇ ನಿರ್ಧರಿಸಬೇಕು. ಆ ಪ್ರೋಗ್ರಾಂ ಬರೆಯುವ ಹಲವರಲ್ಲಿ ನಾನೊಬ್ಬ.

ಸಿಟ್ಟಿಲ್ಲದೆ ಬರೆಯುತ್ತಿದ್ದೇನೆ ಅಂದರೆ ಸುಳ್ಳಾಗುತ್ತದೆ. ಆದರೆ ಸಿಟ್ಟು ಯಾವ ಒಬ್ಬರ ಮೇಲೂ ಅಲ್ಲ. ನಾವೆಲ್ಲ ಸೇರಿ ರೂಢಿ ಮಾಡಿಕೊಂಡಿರುವ ಒಂದು ಅಭ್ಯಾಸದ ಮೇಲೆ. ಅದನ್ನು ಹೇಳುವುದಕ್ಕೆ ಮೊದಲು ನಾನು ಕಣ್ಣಾರೆ ಕಂಡ ಒಂದು ದಿನದ ಕಥೆ ಹೇಳಬೇಕು. ಯಾವ ಸಂಸ್ಥೆ, ಯಾವ ಸಮಿತಿ ಅಂತ ಹೆಸರಿಸುವುದಿಲ್ಲ. ಈ ಕೆಲಸದಲ್ಲಿರುವ ಬಹಳ ಜನರಿಗೆ ಇದು ತಮ್ಮದೇ ಕಥೆ ಅನ್ನಿಸಬಹುದು.

ನಮ್ಮ ಯೋಜನೆಯ ಪರೀಕ್ಷಾ ಪಟ್ಟಿಯಲ್ಲಿ ಒಂದು ಸಾಲಿತ್ತು: 'ತಳ ತಪ್ಪಿದಾಗ ವಾಹನದ ನಡವಳಿಕೆ, ಸಮುದ್ರದಲ್ಲಿ, 2 ದಿನ.' ತಳ ತಪ್ಪುವುದು ಅಂದರೆ ಏನು ಅಂತ ಸ್ವಲ್ಪ ವಿವರಿಸುತ್ತೇನೆ, ಯಾಕಂದರೆ ಉಳಿದ ಕಥೆಯೆಲ್ಲ ಅದರ ಮೇಲೇ ನಿಂತಿದೆ.

ನೀರೊಳಗೆ ಜಿಪಿಎಸ್ ಕೆಲಸ ಮಾಡುವುದಿಲ್ಲ. ಉಪ್ಪುನೀರು ರೇಡಿಯೋ ಅಲೆಗಳನ್ನು ಮೇಲ್ಮೈಯಲ್ಲೇ ನುಂಗಿಬಿಡುತ್ತದೆ. ಹಾಗಾಗಿ ಎಯುವಿ ತಾನೆಲ್ಲಿದ್ದೇನೆ ಅಂತ ತಿಳಿಯುವುದು ಹೆಜ್ಜೆ ಎಣಿಸಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಯಾವ ಕಡೆಗೆ ತಿರುಗಿದೆ, ಎಷ್ಟು ಹೆಜ್ಜೆ ಹಾಕಿದೆ ಅಂತ ಲೆಕ್ಕ ಇಟ್ಟುಕೊಂಡು ನಡೆದ ಹಾಗೆ. ತಿರುವಿನ ಲೆಕ್ಕ ಕೊಡುವುದು ಒಳಗಿನ ಗೈರೋ. ಹೆಜ್ಜೆಯ ಲೆಕ್ಕ ಕೊಡುವುದು ಡಿವಿಎಲ್ ಅನ್ನುವ ಸಲಕರಣೆ. ಅದು ಸಮುದ್ರದ ತಳಕ್ಕೆ ಓರೆಯಾಗಿ ಶಬ್ದದ ಕಿರಣಗಳನ್ನು ಬಿಡುತ್ತದೆ, ಮರಳಿ ಬಂದ ಶಬ್ದದ ಸ್ಥಾಯಿ ಎಷ್ಟು ಬದಲಾಗಿದೆ ಅಂತ ನೋಡಿ ವಾಹನದ ವೇಗ ಹೇಳುತ್ತದೆ. ತಳ ಸಿಗುವವರೆಗೆ ಈ ಲೆಕ್ಕ ತುಂಬಾ ಚೆನ್ನಾಗಿರುತ್ತದೆ. ತಳ ಸಿಗದಷ್ಟು ಆಳಕ್ಕೆ ಹೋಯಿತು ಅಂದರೆ ಡಿವಿಎಲ್ ಸುತ್ತಲಿನ ನೀರನ್ನೇ ನೋಡಿ ವೇಗ ಹೇಳಲು ಶುರು ಮಾಡುತ್ತದೆ. ಆ ನೀರೇ ಹರಿಯುತ್ತಿದ್ದರೆ? ಓಡುವ ರೈಲಿನ ಬೋಗಿಯೊಳಗೆ ನಡೆಯುತ್ತಾ ಹೆಜ್ಜೆ ಎಣಿಸಿದ ಹಾಗಾಗುತ್ತದೆ. ಹೆಜ್ಜೆ ಲೆಕ್ಕ ಸರಿ, ಇರುವ ಜಾಗ ತಪ್ಪು.

ಈ ಪರಿಸ್ಥಿತಿ ಬಂದೇ ಬರುತ್ತದೆ ಅಂತ ನಮಗೆ ಗೊತ್ತಿತ್ತು. ಅದಕ್ಕೇ ಎರಡು ದಿನ ಇಟ್ಟಿದ್ದೆವು.

ಆದರೆ ಹವಾಮಾನ ಕೈಕೊಟ್ಟು ನಾಲ್ಕು ದಿನ ಹೋಯಿತು. ಪ್ರದರ್ಶನದ ದಿನಾಂಕ ಮೊದಲೇ ನಿಗದಿಯಾಗಿತ್ತು, ಅತಿಥಿಗಳಿಗೆ ಆಹ್ವಾನ ಹೋಗಿತ್ತು. ಎಲ್ಲಿ ಕಡಿಮೆ ಮಾಡುವುದು ಅಂತ ಸಭೆ ಸೇರಿದಾಗ ಆ ಸಾಲಿನ ಮೇಲೆ ಕೆಂಪು ಗೆರೆ ಬಿತ್ತು. ಪಕ್ಕದಲ್ಲಿ 'ಸಿಮ್ಯುಲೇಟರ್‌ನಲ್ಲಿ ಮುಗಿದಿದೆ' ಅಂತ, ಅಂದರೆ ಕಂಪ್ಯೂಟರ್‌ನೊಳಗಿನ ಅಣಕು ಸಮುದ್ರದಲ್ಲಿ ನೋಡಿಯಾಗಿದೆ ಅಂತ ಬರೆದರು. ಆ ಹಾಳೆಗೆ ನಾನೂ ಸಹಿ ಹಾಕಿದ್ದೇನೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಪ್ರದರ್ಶನ ಚೆನ್ನಾಗಿಯೇ ಆಯಿತು. ಶಾಂತವಾದ ಬೆಳಗ್ಗೆ. ಮೂವತ್ತು ಮೀಟರ್ ಆಳ, ಕೆಳಗೆ ಚಪ್ಪಟೆ ಮರಳು. ವಾಹನ ಗದ್ದೆಯಲ್ಲಿ ನೇಗಿಲ ಸಾಲು ಹೊಡೆದ ಹಾಗೆ ಹೋಗಿ ಬಂದು, ಹೋಗಿ ಬಂದು, ಹೇಳಿದ ಜಾಗದಲ್ಲೇ ಮೇಲೆದ್ದಿತು. ಪರದೆ ಮೇಲೆ ಗೆರೆಗಳು ನೆಟ್ಟಗಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಪ್ಪಿಗೆ ಸಿಕ್ಕಿತು.

ನಾಲ್ಕು ತಿಂಗಳ ನಂತರ ಅದೇ ವಾಹನ ನಿಜವಾದ ಸಮೀಕ್ಷೆಗೆ ಹೋಯಿತು. ತಳ ಇದ್ದಕ್ಕಿದ್ದ ಹಾಗೆ ಇಳಿಜಾರಾಗುವ ಅಂಚಿನ ಉದ್ದಕ್ಕೂ ಓಡಬೇಕಿತ್ತು. ಒಂದು ತಿರುವಿನಲ್ಲಿ ಅದು ಅಂಚು ದಾಟಿತು, ತಳ ಡಿವಿಎಲ್‌ನ ಅಳತೆಯಿಂದ ಆಚೆ ಹೋಯಿತು. ಆಗ ಅಲ್ಲಿ ನೀರಿನ ಸೆಳೆತ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ಅಂದರೆ ಗಂಟೆಗೆ 1800 ಮೀಟರ್. ವಾಹನ ಒಂದು ಗಂಟೆ ಹಾಗೇ ಓಡಿತು. ತಾನು ಸರಿಯಾದ ಸಾಲಿನಲ್ಲೇ ಇದ್ದೇನೆ ಅಂದುಕೊಂಡು, ಪೂರ್ತಿ ನಂಬಿಕೆಯಿಂದ.

ನಿಗದಿಯಾದ ಹೊತ್ತಿಗೆ ಮೇಲೆ ಬಂತು. ಇಲ್ಲಿಂದ ಮುಂದಿನದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ. ಮೇಲೆ ಬಂದ ತಕ್ಷಣ ಜಿಪಿಎಸ್ ಸಿಕ್ಕಿತು. ಜಿಪಿಎಸ್ ಸರಿಯಾದ ಜಾಗವನ್ನೇ ಹೇಳಿತು. ಆದರೆ ನಮ್ಮ ಪ್ರೋಗ್ರಾಂ ಅದನ್ನು ನಂಬಲಿಲ್ಲ. ಯಾವುದೇ ಹೊಸ ಅಳತೆ ಬಂದಾಗ, ಜಾಗವನ್ನು ಅಂದಾಜು ಮಾಡುವ ಕಾಲ್ಮನ್ ಫಿಲ್ಟರ್ ಅನ್ನುವ ಲೆಕ್ಕದ ಭಾಗ ಅದನ್ನು ತನ್ನ ಅಂದಾಜಿನ ಜೊತೆ ಹೋಲಿಸಿ ನೋಡುತ್ತದೆ, ತೀರಾ ದೂರ ಇದ್ದರೆ ಸಲಕರಣೆಯ ತಪ್ಪು ಅಂತ ಪಕ್ಕಕ್ಕೆ ಎಸೆಯುತ್ತದೆ. ನೀರಡಿಯಲ್ಲಿ ಇದು ಬೇಕೇ ಬೇಕು, ಇಲ್ಲದಿದ್ದರೆ ಒಂದು ಮೀನಿನ ಹಿಂಡಿನಿಂದ ಬಂದ ಪ್ರತಿಧ್ವನಿಯೂ ವಾಹನವನ್ನು ದಾರಿ ತಪ್ಪಿಸುತ್ತದೆ. ಆದರೆ ನಮ್ಮ ಫಿಲ್ಟರ್ ತನ್ನ ತಪ್ಪು ಹತ್ತಾರು ಮೀಟರ್‌ಗಿಂತ ಜಾಸ್ತಿ ಇರಲಾರದು ಅಂತ ಅಂದುಕೊಂಡಿತ್ತು. ಜಿಪಿಎಸ್ 1800 ಮೀಟರ್ ಆಚೆ ಅಂತ ಹೇಳಿದ್ದನ್ನು ಅದು ತಿರಸ್ಕರಿಸಿತು. ಮತ್ತೆ ಮತ್ತೆ ತಿರಸ್ಕರಿಸಿತು. ಉಪಗ್ರಹದ ಮೂಲಕ ನಮಗೆ ತನ್ನದೇ ಅಂದಾಜಿನ ಜಾಗವನ್ನು ಕಳುಹಿಸಿತು.

ನಾವು ಅಲ್ಲಿಗೆ ಹೋದೆವು. ಬರೀ ನೀರು.

ಡೆಕ್ ಮೇಲೆ ಎಲ್ಲರೂ ಒಂದೊಂದು ದಿಕ್ಕಿಗೆ ದುರ್ಬೀನು ಹಿಡಿದು ನಿಂತರು. ಯಾರೂ ಮಾತಾಡಲಿಲ್ಲ. ವಾಹನಕ್ಕೆ ಹಳದಿ ಬಣ್ಣ ಬಳಿದಿರುತ್ತೇವೆ, ಆದರೆ ಅಲೆ ಇದ್ದಾಗ ನೀರಿನ ಮೇಲೆ ಕಾಣುವುದು ಅಂಗೈ ಅಗಲದ ಹಳದಿ, ಅದೂ ಒಂದು ಕ್ಷಣ. ಸೆಳೆತ ಅದನ್ನು ಇನ್ನೂ ದೂರ ಒಯ್ಯುತ್ತಲೇ ಇತ್ತು. ಕತ್ತಲಾದ ಮೇಲೆ ಹಡಗಿನವರೊಬ್ಬರಿಗೆ ದೂರದಲ್ಲಿ ಅದರ ಮಿಣುಕು ದೀಪ ಕಂಡಿತು. ಬ್ಯಾಟರಿ ಮುಗಿದಿದ್ದರೆ ಅದೂ ಕಾಣುತ್ತಿರಲಿಲ್ಲ. ಮೇಲೆತ್ತಿ ಲಾಗ್, ಅಂದರೆ ವಾಹನ ತಾನೇ ಬರೆದಿಟ್ಟ ದಾಖಲೆ, ತೆಗೆದು ನೋಡಿದಾಗ ಪರದೆಯಲ್ಲಿ ಎರಡು ಗೆರೆ. ನೀಲಿ ಗೆರೆ ವಾಹನ ನಂಬಿದ ದಾರಿ, ಕೆಂಪು ಗೆರೆ ನಾವು ಆಮೇಲೆ ಲೆಕ್ಕ ಹಾಕಿದ ನಿಜವಾದ ದಾರಿ. ಅಂಚು ದಾಟಿದ ಜಾಗದಲ್ಲಿ ಎರಡೂ ಬೇರೆಯಾಗಿದ್ದವು. ಮತ್ತೆ ಸೇರಲೇ ಇಲ್ಲ.

ತಪ್ಪು ಎಲ್ಲಿತ್ತು ಅಂತ ಸಿಕ್ಕಿದ್ದು ಮೂರನೇ ದಿನ. ನಮ್ಮ ಸಿಮ್ಯುಲೇಟರ್‌ನಲ್ಲಿ ತಳ ತಪ್ಪಿದರೆ ಡಿವಿಎಲ್ ಸಂದೇಶ ನಿಂತುಹೋಗುತ್ತಿತ್ತು. ಯಾಕಂದರೆ ಸಿಮ್ಯುಲೇಟರ್ ಬರೆದವರು ನಾವೇ, ಹಾಗೆ ಆಗುತ್ತದೆ ಅಂತ ಅಂದುಕೊಂಡವರೂ ನಾವೇ. ನಿಜವಾದ ಸಲಕರಣೆಯ ಸಂದೇಶ ನಿಲ್ಲಲಿಲ್ಲ. ಅದೇ ರೂಪದಲ್ಲಿ ಬರುತ್ತಲೇ ಇತ್ತು, ಕೊನೆಯಲ್ಲಿ ಒಂದೇ ಒಂದು ಅಂಕೆ ಮಾತ್ರ ಬದಲಾಗಿತ್ತು. 'ಇದು ತಳದ ವೇಗ ಅಲ್ಲ, ನೀರಿನ ವೇಗ' ಅಂತ ಹೇಳುವ ಅಂಕೆ. ನಮ್ಮ ಪ್ರೋಗ್ರಾಂ ಆ ಅಂಕೆಯನ್ನು ಓದುತ್ತಿರಲಿಲ್ಲ. ಸರಿಪಡಿಸಲು ಬೇಕಾಗಿದ್ದು 11 ಸಾಲು ಕೋಡ್.

ಆ ಎರಡು ದಿನ ಸಮುದ್ರದಲ್ಲಿ ಇದ್ದಿದ್ದರೆ ಮೊದಲ ದಿನವೇ ಇದು ಸಿಗುತ್ತಿತ್ತು. ಈ ಮಾತನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ. ಆಮೇಲೆ ಅದೇ ಪರೀಕ್ಷೆಯನ್ನು ಹಳೆಯ ಸಾಫ್ಟ್‌ವೇರ್ ಹಾಕಿ ಮಾಡಿ ನೋಡಿದೆವು. ಅರ್ಧ ಗಂಟೆಯಲ್ಲಿ ಸಿಕ್ಕಿಬಿದ್ದಿತು.

ನಂತರ ಬಂದ ವರದಿಯಲ್ಲಿ ಹೀಗಿತ್ತು: 'ಕಾರ್ಯಾಚರಣೆ ವೇಳೆ ಸಣ್ಣ ಸ್ಥಾನದೋಷ ಕಂಡುಬಂದಿದ್ದು, ವಾಹನವನ್ನು ಸುರಕ್ಷಿತವಾಗಿ ಹಿಂಪಡೆಯಲಾಗಿದೆ.' ಅಷ್ಟೇ. ಆ ಅಂಕೆಯ ವಿಷಯ ಇಲ್ಲ, ಫಿಲ್ಟರ್ ಜಿಪಿಎಸ್ ತಿರಸ್ಕರಿಸಿದ ವಿಷಯ ಇಲ್ಲ, ಪಟ್ಟಿಯಿಂದ ಹೊಡೆದುಹಾಕಿದ ಸಾಲಿನ ವಿಷಯವಂತೂ ಇಲ್ಲವೇ ಇಲ್ಲ. ಇದೇ ತಪ್ಪನ್ನು ಇನ್ನೊಂದು ತಂಡ ಈ ಹೊತ್ತಿಗೆ ಬರೆಯುತ್ತಾ ಕೂತಿರಬಹುದು. ಅವರಿಗೆ ತಿಳಿಸುವ ದಾರಿಯೇ ನಮಗೆ ಇಲ್ಲ.

ಮಾನ್ಯರೇ, ನನ್ನ ದೂರು ಇಷ್ಟೇ. ನೀವು ಒಪ್ಪಿಗೆ ಕೊಡುವಾಗ ವಾಹನ ಎಲ್ಲ ಸರಿಯಿದ್ದಾಗ ಹೇಗೆ ಓಡುತ್ತದೆ ಅಂತ ನೋಡುತ್ತೀರಿ. ಏನಾದರೂ ಕೆಟ್ಟಾಗ ಏನು ಮಾಡುತ್ತದೆ ಅಂತ ನೋಡುವುದಿಲ್ಲ. ನೀವು ನೋಡದ್ದನ್ನು ಗಡುವಿನ ಒತ್ತಡದಲ್ಲಿ ನಾವೂ ಪರೀಕ್ಷೆ ಮಾಡುವುದಿಲ್ಲ.

ಸಭೆಗಳಲ್ಲಿ ಒಂದು ಪ್ರಶ್ನೆ ಪ್ರತಿ ಸಲ ಬರುತ್ತದೆ. ಆಕಾಶದಲ್ಲಿ ಡ್ರೋನ್‌ಗಳು ಇಷ್ಟು ಚೆನ್ನಾಗಿ ಹಾರುತ್ತವೆ, ನೀರಲ್ಲಿ ಯಾಕೆ ಇಷ್ಟು ಕಷ್ಟ? ಪ್ರಶ್ನೆ ನ್ಯಾಯವಾದದ್ದೇ. ಅದರಲ್ಲೂ ಮೊದಲ ಎಯುವಿ ತಯಾರಾಗಿದ್ದು 1957ರಲ್ಲಿ, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ಇಷ್ಟು ವರ್ಷ ಆದಮೇಲೂ ಇನ್ನೂ ಕಷ್ಟ ಅಂತ ಅಳುತ್ತೀರಲ್ಲಾ ಅಂದರೆ ಕೇಳುವವರದ್ದು ತಪ್ಪೇನಿಲ್ಲ.

ಉತ್ತರ ಇದು. ಡ್ರೋನ್ ಹಾರಿಸುವವರಿಗೆ ಅದು ಕಣ್ಣಿಗೆ ಕಾಣುತ್ತದೆ, ತಪ್ಪಿದರೆ ತಕ್ಷಣ ಕೈಗೆ ತೆಗೆದುಕೊಳ್ಳಬಹುದು. ನೀರಲ್ಲಿ ನಮಗಿರುವುದು ಶಬ್ದ ಒಂದೇ. ಸಮುದ್ರದ ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ. ವಾಹನ 6 ಕಿಲೋಮೀಟರ್ ದೂರದಲ್ಲಿದ್ದರೆ 'ಹೇಗಿದ್ದೀಯ' ಅಂತ ಕೇಳಿ ಉತ್ತರ ಬರುವುದಕ್ಕೆ 8 ಸೆಕೆಂಡು. ಅಷ್ಟರಲ್ಲಿ ಸೆಕೆಂಡಿಗೆ ಒಂದೂವರೆ ಮೀಟರ್ ಹೋಗುವ ವಾಹನ 12 ಮೀಟರ್ ಮುಂದೆ ಹೋಗಿರುತ್ತದೆ. ಎದುರಿಗೆ ಬಂಡೆ ಇದ್ದರೆ ನಾವು ಮೇಲಿನಿಂದ ಮಾಡುವುದೇನೂ ಇಲ್ಲ. ಕಳುಹಿಸಬಹುದಾದ ಮಾಹಿತಿಯೂ ತುಂಬಾ ಕಡಿಮೆ. ಸೆಕೆಂಡಿಗೆ ಒಂದು ಸಾವಿರ ಬಿಟ್ ಸಿಕ್ಕರೆ ಅದೇ ಒಳ್ಳೆಯ ದಿನ. ಎರಡು ಮೆಗಾಬೈಟ್‌ನ ಒಂದು ಫೋಟೋ ಆ ವೇಗದಲ್ಲಿ ಮೇಲೆ ಬರಲು ನಾಲ್ಕು ಗಂಟೆಗಿಂತ ಜಾಸ್ತಿ ಬೇಕು. ಅದಕ್ಕೇ ನಿರ್ಧಾರ ಅಲ್ಲೇ, ಆ ಕತ್ತಲಲ್ಲೇ, ಆ ಪುಟ್ಟ ಕಂಪ್ಯೂಟರ್‌ನಲ್ಲೇ ಆಗಬೇಕು.

ನೀರೂ ಒಂದೇ ಥರ ಇರುವುದಿಲ್ಲ. ನದಿ ಸಮುದ್ರ ಸೇರುವ ಕಡೆ ಉಪ್ಪು ಕಡಿಮೆಯಾಗುತ್ತದೆ. ಸಿಹಿನೀರಿಗೂ ಸಮುದ್ರದ ನೀರಿಗೂ ಸಾಂದ್ರತೆಯಲ್ಲಿ ಶೇಕಡಾ ಎರಡೂವರೆಯಷ್ಟು ವ್ಯತ್ಯಾಸ. ಸುಮ್ನೆ ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ 300 ಕಿಲೋ ತೂಕದ ವಾಹನಕ್ಕೆ ಅದು ಏಳೂವರೆ ಕಿಲೋ. ಕೆಟ್ಟು ನಿಂತರೆ ತಾನಾಗಿ ತೇಲಲಿ ಅಂತ ನಾವು ಬಿಟ್ಟಿರುವ ತೇಲುವಿಕೆಯೇ ಕೆಲವು ಕಿಲೋ. ಅಂದರೆ ಉಪ್ಪುನೀರಲ್ಲಿ ತೇಲುವಂತೆ ಹೊಂದಿಸಿದ ವಾಹನ ಸಿಹಿನೀರಿನ ಪದರಕ್ಕೆ ಬಂದರೆ ಮುಳುಗುವ ವಾಹನ ಆಗಬಹುದು. ಟಾರ್ಪಿಡೋ ಆಕಾರದ ಎಯುವಿಗಳಲ್ಲಿ ಇನ್ನೊಂದು ಕಷ್ಟ. ಬಾಲದ ರೆಕ್ಕೆಗಳಿಗೆ ಬಲ ಬರುವುದು ವೇಗದಿಂದ. ನಿಧಾನವಾದರೆ ರೆಕ್ಕೆ ಎಷ್ಟು ತಿರುಗಿಸಿದರೂ ಮೂಗು ಏಳುವುದಿಲ್ಲ. ಹೊಂದಿಸಿಟ್ಟ ಪಿಐಡಿ ಕಂಟ್ರೋಲರ್, ಅಂದರೆ ಇರಬೇಕಾದದ್ದಕ್ಕೂ ಇರುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ ರೆಕ್ಕೆ ತಿರುಗಿಸುವ ಭಾಗ, ಒಂದು ವೇಗಕ್ಕೆ ಚೆನ್ನಾಗಿ ಕೆಲಸ ಮಾಡಿ, ಇನ್ನೊಂದು ವೇಗದಲ್ಲಿ ವಾಹನವನ್ನು ಡಾಲ್ಫಿನ್ ಥರ ಮೇಲೆ ಕೆಳಗೆ ಕುಣಿಸುತ್ತದೆ. ಇದೆಲ್ಲ ಸಮೀಕರಣಗಳಲ್ಲಿ ಇದೆ, ಪಠ್ಯಪುಸ್ತಕಗಳಲ್ಲಿ ಇದೆ. ಆದರೆ ನಮ್ಮ ವಾಹನಕ್ಕೆ ಆ ಸಮೀಕರಣದಲ್ಲಿ ಯಾವ ಅಂಕಿ ಹಾಕಬೇಕು ಅಂತ ಹೇಳುವುದು ಸಮುದ್ರ ಮಾತ್ರ.

ಈಗ ಹೊಸದಾಗಿ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ಇದರಲ್ಲಿ ಎಐ ಇದೆಯಾ? ನಾನು ಅದರ ವಿರೋಧಿ ಅಲ್ಲ. ಶಬ್ದದಿಂದ ತೆಗೆದ ಸೋನಾರ್ ಚಿತ್ರದಲ್ಲಿ ಬಂಡೆ ಯಾವುದು, ಪೈಪು ಯಾವುದು ಅಂತ ಗುರುತಿಸಲು ಕಲಿಯುವ ವಿಧಾನಗಳು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತವೆ, ನಾವೂ ಬಳಸುತ್ತೇವೆ. ಆದರೆ ನೀರು ಒಳಗೆ ಸೋರಿದಾಗ, ಬ್ಯಾಟರಿ ಬಿಸಿಯಾದಾಗ, ಆಳದ ಮಿತಿ ಮೀರಿದಾಗ ಏನು ಮಾಡಬೇಕು ಅನ್ನುವ ಭಾಗ ಚಿಕ್ಕದಾಗಿರಬೇಕು, ಯಾರು ಬೇಕಾದರೂ ಕೂತು ಓದಿ ಅರ್ಥ ಮಾಡಿಕೊಳ್ಳುವಂತಿರಬೇಕು. 4000 ಮೀಟರ್ ಆಳದಲ್ಲಿ ಉಗುರಿನಗಲದ ಜಾಗದ ಮೇಲೆ ಸುಮಾರು 400 ಕಿಲೋ ಭಾರ ಬೀಳುತ್ತಿರುತ್ತದೆ. ಅಂಥ ಕಡೆ ಸಿಮ್ಯುಲೇಟರ್‌ನಲ್ಲಿ ಕಲಿತ ಪ್ರೋಗ್ರಾಂ ತಾನು ಕಾಣದ ಪರಿಸ್ಥಿತಿಯಲ್ಲಿ ಏನು ಮಾಡುತ್ತದೆ ಅಂತ ಯಾರೂ ಖಾತರಿ ಕೊಡಲಾರರು.

ಕೆಟ್ಟಾಗ ಸರಿಯಾಗಿ ನಡೆದುಕೊಳ್ಳುವುದನ್ನು ನಾವು ಸೋಲು ಅಂತ ಎಣಿಸುತ್ತೇವೆ ಅನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ಇದೆ. 2014ರ ಮಾರ್ಚ್‌ನಲ್ಲಿ ಕಾಣೆಯಾದ ಮಲೇಷ್ಯಾದ ಎಂಎಚ್370 ವಿಮಾನವನ್ನು ಹುಡುಕಲು ಏಪ್ರಿಲ್‌ನಲ್ಲಿ ಬ್ಲೂಫಿನ್-21 ಅನ್ನುವ ಎಯುವಿಯನ್ನು ಹಿಂದೂ ಮಹಾಸಾಗರಕ್ಕೆ ಇಳಿಸಿದರು. ಮೊದಲ ಸಲವೇ ಅದು ಸುಮಾರು ಆರು ಗಂಟೆ ಕಳೆದ ಮೇಲೆ ಕೆಲಸ ಬಿಟ್ಟು ಮೇಲೆ ಬಂತು. ನೀರು ಅಂದುಕೊಂಡಿದ್ದಕ್ಕಿಂತ ಆಳವಾಗಿತ್ತು, ವಾಹನದ ಮಿತಿ 4500 ಮೀಟರ್, ಆ ಮಿತಿ ದಾಟಿದ ಕೂಡಲೇ ಒಳಗಿನ ರಕ್ಷಣಾ ವ್ಯವಸ್ಥೆ ಅದನ್ನು ವಾಪಸ್ ಕರೆಸಿತು. ಮೊದಲ ಪ್ರಯತ್ನ ವಿಫಲ ಅಂತ ಸುದ್ದಿಯಾಯಿತು. ನನ್ನ ಪ್ರಕಾರ ಆ ದಿನ ಆ ವಾಹನ ಮಾಡಿದ್ದು ಬಹಳ ಒಳ್ಳೆಯ ಕೆಲಸ. ನಕ್ಷೆ ತಪ್ಪಿತ್ತು. ಮೇಲಿನವರಿಗೆ ಗೊತ್ತಿರಲಿಲ್ಲ. ವಾಹನ ತಾನೇ ಗಮನಿಸಿ, ತಾನೇ ನಿರ್ಧರಿಸಿ, ಪೂರ್ತಿಯಾಗಿ ಮರಳಿ ಬಂತು, ಮತ್ತೆ ಕೆಲಸಕ್ಕೂ ಇಳಿಯಿತು. ಸ್ವಯಂಚಾಲಿತ ಅಂದರೆ ಇದೇ ಅಲ್ವಾ? ಕೊಟ್ಟ ಗುರುತುಗಳನ್ನು ಒಂದಾದ ಮೇಲೊಂದು ಮುಟ್ಟಿ ಬರುವುದನ್ನು ನಾವು ಆ ಹೆಸರಿನಿಂದ ಕರೆಯಬಾರದು.

ಹಾಗಂತ ಮೇಲೆ ಬರುವುದೇ ಎಲ್ಲದಕ್ಕೂ ಉತ್ತರ ಅಂತಲೂ ಅಲ್ಲ. ಮೇಲೆ ಹಿಮ ಇದ್ದರೆ? 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಆಟೋಸಬ್2 ಅನ್ನುವ ಎಯುವಿ ಅಂಟಾರ್ಕ್ಟಿಕಾದ ಫಿಂಬುಲ್ ಹಿಮಚಪ್ಪಡಿಯ ಅಡಿಯಲ್ಲಿ ಸಿಕ್ಕಿಕೊಂಡು ಮರಳಿ ಬರಲೇ ಇಲ್ಲ. ಆಮೇಲೆ ಆ ತಂಡ ಮಾಡಿದ ಕೆಲಸವನ್ನು ನಾನು ಈ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದೇನೆ. ಅವರು ವಿಚಾರಣೆ ಮಾಡಿಸಿದರು, ಅದರ ವರದಿಯನ್ನು ಬಹಿರಂಗವಾಗಿ ಪ್ರಕಟಿಸಿದರು. ಮುಂದಿನ ವಾಹನ ಆಟೋಸಬ್3ರ ಒಂದೊಂದು ಯಾನದಲ್ಲೂ ಏನು ಕೆಟ್ಟಿತು ಅಂತ ದಾಖಲೆ ಇಟ್ಟರು. ಆ ದಾಖಲೆಯನ್ನು ಹೊರಗಿನ ತಜ್ಞರಿಗೆ ಕೊಟ್ಟು, ಇಂಥದ್ದೇ ದೋಷ ಹಿಮದಡಿ ಬಂದರೆ ವಾಹನ ಕಳೆದುಹೋಗುವ ಸಾಧ್ಯತೆ ಎಷ್ಟು ಅಂತ ಒಂದೊಂದಕ್ಕೂ ಕೇಳಿದರು. ಆ ಲೆಕ್ಕದ ಮೇಲೆ ಅಪಾಯವನ್ನು ಒಪ್ಪಿಕೊಂಡು 2009ರ ಜನವರಿಯಲ್ಲಿ ಪೈನ್ ಐಲೆಂಡ್ ಹಿಮನದಿಯ ಅಡಿಗೆ ಕಳುಹಿಸಿದರು. 6 ಯಾನ, ಹಿಮದ ಕೆಳಗೆ ಒಟ್ಟು ಸುಮಾರು 500 ಕಿಲೋಮೀಟರ್. ವಾಹನ ಮರಳಿ ಬಂತು. ಬೆಚ್ಚಗಿನ ನೀರು ಆ ಹಿಮವನ್ನು ಕೆಳಗಿನಿಂದ ಹೇಗೆ ಕರಗಿಸುತ್ತಿದೆ ಅನ್ನುವ ಮಾಹಿತಿ ಅದರ ಜೊತೆಗೆ ಬಂತು.

ನಷ್ಟ ಇನ್ನು ಮುಂದೆ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ 'ರಾನ್' 2022ರಲ್ಲಿ ಡಾಟ್ಸನ್ ಹಿಮಚಪ್ಪಡಿಯ ಅಡಿ ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ಓಡಿ ಅದರ ಹೊಟ್ಟೆಯ ನಕ್ಷೆ ತಂದಿತು, 2024ರಲ್ಲಿ ಅದೇ ಜಾಗದಲ್ಲಿ ಕಾಣೆಯಾಯಿತು. ಅಂಥ ಜಾಗಕ್ಕೆ ಅಪಾಯ ತಿಳಿದೇ ಕಳುಹಿಸುತ್ತಾರೆ. ಓದದೇ ಬಿಟ್ಟ ಒಂದು ಅಂಕೆಯಿಂದ ಕಳೆದುಕೊಳ್ಳುವುದು ಬೇರೆ.

ಹಾಗಾಗಿ ನನ್ನ ಕೋರಿಕೆಗಳು.

ಮೊದಲನೆಯದು, ಸಮುದ್ರದ ದಿನಗಳು. ದೋಷ ಪರೀಕ್ಷೆಗೆ ಇಟ್ಟ ದಿನಗಳಿಗೆ ಬಜೆಟ್‌ನಲ್ಲಿ ಬೇರೆಯೇ ಲೆಕ್ಕ ಇರಲಿ, ಅದನ್ನು ಬೇರೆ ಯಾವುದಕ್ಕೂ ತಿರುಗಿಸಲು ಬಾರದ ಹಾಗೆ. ಹವಾಮಾನದಿಂದ ದಿನ ಹೋದರೆ ಪ್ರದರ್ಶನವನ್ನು ಮುಂದೆ ಹಾಕಿ. ಹಡಗಿನ ಒಂದು ದಿನ ಎಷ್ಟು ದುಬಾರಿ ಅಂತ ನನಗೆ ಚೆನ್ನಾಗಿ ಗೊತ್ತು. ವಾಹನ ಹುಡುಕುತ್ತಾ ಆ ಹಡಗು ಅಲೆದ ರಾತ್ರಿಗೂ ಅದೇ ಖರ್ಚು ಬಿದ್ದಿತು.

ಎರಡನೆಯದು, ಒಪ್ಪಿಗೆ ಪರೀಕ್ಷೆಯನ್ನು ಬದಲಿಸಿ. ನೇಗಿಲ ಸಾಲು ಒಂದು ಗಂಟೆ ನೋಡಿ, ಸಾಕು. ಉಳಿದ ಹೊತ್ತಿನಲ್ಲಿ ದೋಷಗಳನ್ನು ನೀವೇ ಆರಿಸಿ, ನಮಗೆ ಮೊದಲೇ ಹೇಳಬೇಡಿ. ಯಾನದ ನಡುವೆ ಡಿವಿಎಲ್ ನಿಲ್ಲಿಸಿ. ಇನ್ನೊಮ್ಮೆ ಅದನ್ನು ನಿಲ್ಲಿಸದೆ ತಪ್ಪು ವೇಗ ಹೇಳುವಂತೆ ಮಾಡಿ, ಯಾಕಂದರೆ ಸುಮ್ಮನಾಗುವ ಸಲಕರಣೆಗಿಂತ ಸುಳ್ಳು ಹೇಳುವ ಸಲಕರಣೆ ಅಪಾಯಕಾರಿ. ಒಂದು ರೆಕ್ಕೆಯನ್ನು ಓರೆಯಾಗಿ ಸಿಕ್ಕಿಸಿಡಿ. ಎರಡು ಕಿಲೋ ಭಾರ ಹೆಚ್ಚಿಗೆ ಕಟ್ಟಿ ಇಳಿಸಿ. ಆಮೇಲೆ ಮೂರೇ ಪ್ರಶ್ನೆ ಕೇಳಿ: ಏನೋ ಕೆಟ್ಟಿದೆ ಅಂತ ಅದಕ್ಕೆ ಗೊತ್ತಾಯಿತಾ, ಎಷ್ಟು ಹೊತ್ತಿಗೆ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿತು? ಈ ಪರೀಕ್ಷೆಯಲ್ಲಿ ಬಹಳ ವಾಹನಗಳು ಮೊದಲ ಸಲ ಸೋಲುತ್ತವೆ, ನಮ್ಮದೂ ಸೋಲುತ್ತದೆ. ಸೋತ ತಂಡಕ್ಕೆ ಹಣ ನಿಲ್ಲಿಸುತ್ತೀರಿ ಅಂತಾದರೆ ಎಲ್ಲರೂ ಮತ್ತೆ ಮುಚ್ಚಿಡಲು ಶುರು ಮಾಡುತ್ತಾರೆ. ಸರಿಪಡಿಸಿ ಮತ್ತೆ ಬರಲು ಸಮಯ ಕೊಡಿ.

ಇದಕ್ಕೇ ಅಂಟಿಕೊಂಡ ಇನ್ನೊಂದು ಮಾತು. ಮುಖ್ಯ ಕಂಪ್ಯೂಟರ್ ಸತ್ತರೂ ಕೆಲಸ ಮಾಡುವ, ತನ್ನದೇ ಬ್ಯಾಟರಿ ಇರುವ ಒಂದು ಪುಟ್ಟ ರಕ್ಷಣಾ ಸರ್ಕ್ಯೂಟ್ ಪ್ರತಿ ವಾಹನದಲ್ಲೂ ಇರಲೇಬೇಕು ಅಂತ ನಿಯಮ ಮಾಡಿ. ಮೇಲೆ ತೆರೆದ ನೀರು ಇರುವ ಕಡೆ ಅದು ಮಾಡಬೇಕಾದ್ದು ಹೊಟ್ಟೆಗೆ ಕಟ್ಟಿದ ಭಾರ ಬಿಟ್ಟು ವಾಹನವನ್ನು ಮೇಲೆ ತರುವುದು, ಮೇಲೆ ಬಂದಾಗ ಜಿಪಿಎಸ್ ಹೇಳಿದ ಜಾಗವನ್ನು ಯಾವ ಫಿಲ್ಟರ್‌ಗೂ ಕೇಳದೆ ಹಾಗೇ ಕಳುಹಿಸುವುದು. ಹಿಮದಡಿ, ಬಲೆಗಳಿರುವ ಕಡೆ, ಹಡಗು ಓಡಾಡುವ ದಾರಿಯಲ್ಲಿ ಯಾವುದು ಸುರಕ್ಷಿತ ಅನ್ನುವುದನ್ನು ಪ್ರತಿ ಯಾನಕ್ಕೂ ಮೊದಲೇ ಬರೆದಿಟ್ಟಿರಬೇಕು.

ಮೂರನೆಯದು ನನಗೆ ತುಂಬಾ ಮುಖ್ಯವಾದದ್ದು. ಸಾರ್ವಜನಿಕ ಹಣದಲ್ಲಿ ನಡೆಯುವ ಪ್ರತಿ ಯೋಜನೆಯ ವೈಫಲ್ಯದ ದಾಖಲೆಯೂ ಹೊರಗೆ ಬರಲಿ. ವಾಹನ ಕಳೆದುಹೋದದ್ದು ಮಾತ್ರ ಸಾಲದು, ಕೂದಲೆಳೆಯಲ್ಲಿ ಉಳಿದುಕೊಂಡ ಘಟನೆಗಳೂ ಬರಲಿ. ಏನಾಯಿತು, ಯಾಕಾಯಿತು, ಯಾವ ಪರೀಕ್ಷೆ ಮಾಡಿದ್ದರೆ ಮೊದಲೇ ಸಿಗುತ್ತಿತ್ತು, ಇಷ್ಟು ಸಾಕು. ರಹಸ್ಯವಾಗಿ ಇಡಬೇಕಾದ ಜಾಗ, ಕೆಲಸದ ಉದ್ದೇಶ ಇವನ್ನು ತೆಗೆದುಹಾಕಿ ಕೊಡಬಹುದು. ತಳ ತಪ್ಪುವುದು ಯಾರ ರಹಸ್ಯವೂ ಅಲ್ಲ. ಬರೆದವರ ಕೆಲಸಕ್ಕೆ ಕುತ್ತು ಬರುವುದಿಲ್ಲ ಅಂತ ನೀವೇ ಲಿಖಿತವಾಗಿ ಹೇಳಬೇಕು. ಇಲ್ಲದಿದ್ದರೆ 'ಸಣ್ಣ ಸ್ಥಾನದೋಷ' ಅನ್ನುವ ಪದವೇ ಎಲ್ಲ ವರದಿಗಳಲ್ಲೂ ಮುಂದುವರಿಯುತ್ತದೆ.

ಕೊನೆಯದಾಗಿ, ನಿಮ್ಮ ಸಮಿತಿಯಲ್ಲಿ ವಾಹನವನ್ನು ಕೈಯಾರೆ ನೀರಿಗಿಳಿಸಿ, ಕೈಯಾರೆ ಮೇಲೆತ್ತಿದವರು ಒಬ್ಬರಾದರೂ ಇರಲಿ, ಅವರು ಬೇಡ ಅಂದರೆ ಆ ದಿನ ಇಳಿಸಬಾರದು. ಮಿಣುಕು ದೀಪ ಕಂಡುಹಿಡಿದವರು ಹಡಗಿನವರು. ಅಂಚಿನ ಹತ್ತಿರ ಸೆಳೆತ ಜೋರಿದೆ ಅಂತ ಬೆಳಗ್ಗೆ ಹೇಳಿದವರೂ ಅವರೇ. ಕೇಳಿಸಿಕೊಂಡವರು ಕಡಿಮೆ.

ಆ ದಿನದ ಲಾಗ್, ಎರಡು ಗೆರೆಗಳ ಚಿತ್ರ, ಸರಿಪಡಿಸಿದ 11 ಸಾಲು ಮತ್ತು ತಳ ತಪ್ಪಿದಾಗ ಪರೀಕ್ಷೆ ಮಾಡುವ ವಿಧಾನ, ಇಷ್ಟನ್ನೂ ಸೇರಿಸಿ ಒಂದು ಕಡತ ಮಾಡಿಟ್ಟಿದ್ದೇನೆ. ಜಾಗದ ಗುರುತು, ಹೆಸರು ಎಲ್ಲ ತೆಗೆದಿದ್ದೇನೆ. ಪ್ರಕಟಿಸಲು ಅನುಮತಿ ಕೇಳಿ ಎರಡು ಸಲ ಅರ್ಜಿ ಕೊಟ್ಟೆ, ಉತ್ತರ ಬಂದಿಲ್ಲ. ಇದು ಮೂರನೇ ಸಲ, ಎಲ್ಲರ ಎದುರಿಗೆ ಕೇಳುತ್ತಿದ್ದೇನೆ. ದಯವಿಟ್ಟು ಅನುಮತಿ ಕೊಡಿ. ಮುಂದಿನ ವಾಹನದ ಪರೀಕ್ಷಾ ಪಟ್ಟಿ ನಿಮ್ಮ ಮೇಜಿಗೆ ಬಂದಾಗ ಆ ಎರಡು ದಿನದ ಸಾಲು ಅದರಲ್ಲಿ ಇದೆಯಾ ಅಂತ ಒಮ್ಮೆ ನೋಡಿ.

ಇಂತಿ ನಿಮ್ಮ ವಿಶ್ವಾಸಿ,
ನೀರಡಿಯ ವಾಹನಗಳಿಗೆ ಕಂಟ್ರೋಲ್ ಸಾಫ್ಟ್‌ವೇರ್ ಬರೆಯುವ ಒಬ್ಬ ಇಂಜಿನಿಯರ್